ಏಳನೇ ತಾಕಿನ ಬಿಳಿ ಹರಳು

ಏಳನೇ ತಾಕಿಗೆ ಯಾರೋ ಯೂರಿಯಾ ಎರಚಿದ್ದರು. ಮೊಣಕಾಲೆತ್ತರದ ಗೋಧಿಯ ಬುಡದಲ್ಲಿ ಬಿಳಿ ಹರಳುಗಳು ಇಬ್ಬನಿಗೆ ಕರಗುತ್ತಿದ್ದವು. ಬೆಳಿಗ್ಗೆ ಮೊದಲು ಕಂಡವಳು ಮೀಟರಮ್ಮ.

ಅವಳ ಕೆಲಸವೇ ಅಳೆಯುವುದು. ಸಂಶೋಧನಾ ಹೊಲದ ಒಂದೊಂದು ತಾಕೂ ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ಕರೆಂಟು ತಿಂದಿತು, ಎಷ್ಟು ಇಂಗಾಲ ಗಾಳಿಗೆ ಬಿಟ್ಟಿತು, ಎಲ್ಲ ಅವಳ ಪುಸ್ತಕದಲ್ಲಿ. ಏಳನೆಯದು ಸರದಿ ತಾಕು. ಗೋಧಿ, ಬಟಾಣಿ, ಸೂರ್ಯಕಾಂತಿ, ಅಗಸೆ ಅಲ್ಲಿ ವರ್ಷಕ್ಕೊಂದರಂತೆ ಸುತ್ತು ಹಾಕುತ್ತವೆ. ಬಟಾಣಿ ಮಣ್ಣಿಗೆ ಸಾರ ಬಿಟ್ಟುಹೋಗುವುದರಿಂದ ಹನ್ನೆರಡು ವರ್ಷ ಅಲ್ಲಿಗೆ ಹಿಡಿ ಯೂರಿಯಾವೂ ಬಿದ್ದಿರಲಿಲ್ಲ. ಬರೀ ಗೋಧಿ ಬೆಳೆಯುವ ಪಕ್ಕದ ತಾಕಿಗೆ ಪ್ರತಿ ವರ್ಷವೂ ಮೂಟೆ ಸುರಿಯಬೇಕು. ಒಂದು ಮೂಟೆ ತಯಾರಾಗಲು ಮೂವತ್ತು ಲೀಟರ್ ಡೀಸೆಲ್ ಸುಟ್ಟಷ್ಟು ಶಕ್ತಿ ಹೋಗುತ್ತದೆ. ಈ ವ್ಯತ್ಯಾಸ ತೋರಿಸಿ, ಈ ಕಟಾವಿನೊಂದಿಗೆ ಪ್ರಯೋಗ ಮುಗಿಯಬೇಕಿತ್ತು. ತಾಕು ಕೆಟ್ಟರೆ? ನಿಯಮದಂತೆ ಇನ್ನೊಂದು ಸುತ್ತು. ಮತ್ತೆ ನಾಲ್ಕು ವರ್ಷ!

*

ನಿರ್ದೇಶಕರಿಗೆ ಕೋಪ ಮೂಗಿನ ತುದಿಯಲ್ಲೇ. ಬದುವಿನ ಮೇಲೆ ನಿಂತೇ ನೋಡಿ ಬಂದಿದ್ದರು. ಟ್ರ್ಯಾಕ್ಟರಿನ ಸೀಟಿನ ಮೇಲೆ ಯೂರಿಯಾ ಚೀಲ ಸಿಕ್ಕಿತ್ತು. ಇನ್ನೇನು ಬೇಕು?

"ಸಂಜೆಯೊಳಗೆ ಗಂಟುಮೂಟೆ ಕಟ್ಟು," ಎಂದರು ಡ್ರೈವರನಿಗೆ.

ಪಕ್ಕದಲ್ಲಿ ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಪ್ರಯೋಗ ಶುರುಮಾಡಿದ ವಿಜ್ಞಾನಿ ಅವರೇ. ನಿವೃತ್ತಿಯ ವಯಸ್ಸು ದಾಟಿದ್ದರೂ ಪ್ರಯೋಗ ಮುಗಿಯುವವರೆಗೆ ಇರಲು ಅನುಮತಿಯಿತ್ತು.

ಹೊರಗೆ ಡ್ರೈವರ್ ಅಳುವುದೊಂದೇ ಬಾಕಿ. "ಅಕ್ಕಾ, ಅದು ಕೂರೋಕೆ ಹಾಕ್ಕೊಂಡಿರೋ ಹಳೇ ಚೀಲ. ಕೆಲಸ ಹೋದ್ರೆ ಕ್ವಾರ್ಟರ್ಸೂ ಹೋಗುತ್ತೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಮೀಟರಮ್ಮ ಚೀಲ ಮೂಸಿದಳು. ಬರೀ ಆಯಿಲ್ ವಾಸನೆ. ಒಳಗೆ ಒಂದು ಹರಳೂ ಇಲ್ಲ.

"ಸಂಜೆಗೆ ಇನ್ನೂ ಹೊತ್ತಿದೆ. ಸುಮ್ನಿರಣ್ಣ."

*

ತಾಕಿಗೆ ಹೋಗಿ ಬಗ್ಗಿ ಬಗ್ಗಿ ನೋಡಿದಳು. ಅಯ್ಯೋ, ಇದೆಂಥ ಕಿಡಿಗೇಡಿ! ಹರಳು ಬಿದ್ದದ್ದು ಸುತ್ತಲಿನ ಅಂಚಿನ ಎರಡೆರಡು ಸಾಲಿಗೆ ಮಾತ್ರ. ಆ ಸಾಲುಗಳನ್ನು ಕಟಾವಿನಲ್ಲಿ ತೂಗುವುದೇ ಇಲ್ಲ. ತೂಗುವ ಒಳಸಾಲು ಪೂರ್ತಿ ಸ್ವಚ್ಛ. ಕೆಡಿಸಲು ಬಂದವರಿಗೆ ಕೆಡಿಸಲು ಮನಸ್ಸೇ ಬಂದಿಲ್ಲ.

ಆಫೀಸಿಗೆ ಬಂದು ಪುಸ್ತಕ ತೆರೆದಳು. ದಿನದ ಅಳತೆ ಬರೆಯುವುದು ಅವಳು. ಸಂಜೆ ಎಲ್ಲರೂ ಹೋದ ಮೇಲೆ ಕೂಡಿ ಮೊತ್ತ ಬರೆಯುವುದು ದೊಡ್ಡವರು. ನಿನ್ನೆಯದನ್ನು ಕೂಡಿದಳು. ಮತ್ತೆ ಕೂಡಿದಳು. ಏಳನೇ ತಾಕಿನ ಶಕ್ತಿಯ ಮೊತ್ತದಲ್ಲಿ ಐವತ್ತು ಮೆಗಾಜೂಲ್ ಹೆಚ್ಚಿತ್ತು.

ಪುಸ್ತಕ ಮುಚ್ಚಿ ಎದ್ದಳು.

*

ದೊಡ್ಡವರ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಬೀರುವಿನ ಪಕ್ಕ ಸುತ್ತಿಟ್ಟ ಹಾಸಿಗೆ.

"ಸರ್, ಎರಚಿದ್ದು ಡ್ರೈವರ್ ಅಲ್ಲ. ನೀವು."

ಅವರು ಕನ್ನಡಕ ತೆಗೆದರು. "ಹೇಗೆ ಹೇಳ್ತೀಯಮ್ಮ?"

"ಅಂಚಿಗಷ್ಟೇ ಹಾಕಿದ್ದೀರಿ. ಆ ಗೋಧಿ ಮೇಲೆ ಅಷ್ಟು ಮಮತೆ ಬೇರೆ ಯಾರಿಗಿದೆ? ಆಮೇಲೆ ನಿಮ್ಮ ಮೊತ್ತ. ನಮ್ಮ ಪಟ್ಟಿಯಲ್ಲಿ ಒಂದು ಕಿಲೋ ಯೂರಿಯಾದ ಶಕ್ತಿ ಇಪ್ಪತ್ತೈದು ಮೆಗಾಜೂಲ್. ಐವತ್ತು ಅಂದ್ರೆ ಎರಡು ಕಿಲೋ. ಯೂರಿಯಾ ನಾನು ಕಂಡದ್ದೇ ಇವತ್ತು ಬೆಳಿಗ್ಗೆ. ನಿನ್ನೆ ಸಂಜೆಯ ಮೊತ್ತಕ್ಕೆ ಅದು ಹೇಗೆ ಸೇರ್ತು?"

ದೊಡ್ಡವರು ಸೋತ ನಗೆ ನಕ್ಕರು. "ಸುಳ್ಳು ಮೊತ್ತ ಬರೆಯೋಕೆ ಕೈ ಬರ್ಲಿಲ್ಲ."

"ಯಾಕ್ ಸರ್ ಹೀಗೆ ಮಾಡಿದ್ರಿ?"

"ಪ್ರಯೋಗ ಮುಗಿದ್ರೆ ಈ ಕೋಣೆ ಬಿಡಬೇಕು. ಹೆಂಡತಿ ತೀರ್ಕೊಂಡು ಒಂಬತ್ತು ವರ್ಷ ಆಯ್ತು. ಮನೆಗೆ ಹೋಗಿ ಯಾರ ಮುಖ ನೋಡ್ಲಿ?"

ಮೀಟರಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಅದಕ್ಕೆ ಆ ಮಕ್ಕಳ ಹೊಟ್ಟೆ ಮೇಲೆ ಹೊಡೀತೀರಾ?"

"ಚೀಲದ ವಿಷಯ ನಂಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು." ಎದ್ದು ನೇರ ನಿರ್ದೇಶಕರ ಕೋಣೆಗೆ ನಡೆದರು.

*

ಡ್ರೈವರನ ಕೆಲಸ ಉಳಿಯಿತು. ಒಳಸಾಲು ನೋಡಿದ ಮೇಲೆ ಪ್ರಯೋಗವೂ ಉಳಿಯಿತು. ದೊಡ್ಡವರು ಮಾತ್ರ ಹಾಸಿಗೆ ಕಂಕುಳಲ್ಲಿಟ್ಟುಕೊಂಡು ಬಂದು ಬೀಗದ ಕೈ ಅವಳ ಮೇಜಿನ ಮೇಲಿಟ್ಟರು.

"ಕಟಾವಿನ ದಿನ ಬನ್ನಿ ಸರ್. ತೂಗೋಕೆ ಇಬ್ಬರು ಬೇಕು."

"ಒಳಗೆ ಬಿಡ್ತಾರಾ?"

"ಗೇಟಿನ ಹತ್ರ ನಾನೇ ನಿಂತಿರ್ತೀನಿ."

ಅವರು ತಲೆಯಾಡಿಸಿ ಹೊರಟರು.

ಸಂಜೆ ಎಲ್ಲರೂ ಹೋದ ಮೇಲೆ ಮೀಟರಮ್ಮ ಪುಸ್ತಕ ತೆರೆದು ನಿನ್ನೆಯ ದಿನದಡಿ ಬಿಟ್ಟುಹೋಗಿದ್ದ ಸಾಲು ಬರೆದಳು: ಯೂರಿಯಾ, ಎರಡು ಕಿಲೋ, ಅಂಚಿಗೆ ಮಾತ್ರ. ದೊಡ್ಡವರ ಮೊತ್ತ ಈಗ ಸರಿಹೋಯಿತು. ಇವತ್ತಿನದನ್ನು ತಾನೇ ಕೂಡಿದಳು. ಇನ್ನೊಮ್ಮೆ, ನಿಧಾನವಾಗಿ ಕೂಡಿದಳು. ಮನೆಯಲ್ಲಿ ಕಾಯುವವರಿಲ್ಲದ ಅವಳಿಗೂ ಹೋಗಲು ಅವಸರವಿರಲಿಲ್ಲ.