ಎರಡನೇ ಅಂಗಡಿ

ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ಕಂಡು ಎಲ್ವಿರಾಳ ಕೈಯಲ್ಲಿದ್ದ ಪೆನ್ಸಿಲ್ ಅಲ್ಲೇ ನಿಂತಿತು.

ಒಸ್ಮಿನ್!

ಮೂರು ವರ್ಷದ ಹಿಂದೆ ಒಂದು ಮಾತೂ ಹೇಳದೆ ಈ ಚೆಲ್ಸಿ ಊರನ್ನೇ ಬಿಟ್ಟು ಹೋದವನು. ಈಗ ಭುಜದ ಮೇಲಿನ ಹಿಮ ಕೊಡವುತ್ತಾ, ಲೈಬ್ರರಿಯ ನೆಲಮಾಳಿಗೆಯ ಈ ಇಂಗ್ಲಿಷ್ ತರಗತಿಯಲ್ಲಿ ಕುರ್ಚಿ ಹುಡುಕುತ್ತಿದ್ದಾನೆ. ಖಾಲಿ ಇದ್ದದ್ದು ಒಂದೇ. ಅವಳ ಪಕ್ಕದ್ದು.

'ದೇವರೇ, ಇವನನ್ನು ಬೇರೆಲ್ಲಾದರೂ ಕೂರಿಸು...'

ದೇವರು ಕೇಳಿಸಿಕೊಳ್ಳಲಿಲ್ಲ. ಅವಳನ್ನು ನೋಡಿದ ಒಸ್ಮಿನ್‌ನ ಮುಖ ಬಿಳಿಚಿಕೊಂಡಿತು. ಆದರೂ ಬಂದು ಕುಳಿತ.

ಟೀಚರ್ ಮಿಸ್ ಆರ್ಡಿತ್ ಬೋರ್ಡಿನ ಮೇಲೆ ಅವತ್ತಿನ ಮಾತು ಬರೆದಿದ್ದರು. ಬ್ರಾಂಚ್ ಔಟ್.

"ಇರೋ ಕೆಲಸದ ಜೊತೆಗೆ ಹೊಸದಕ್ಕೂ ಕೈ ಹಾಕೋದು. ಒಂದು ಅಂಗಡಿ ಇದ್ದವರು ಇನ್ನೊಂದು ಊರಲ್ಲೂ ತೆಗೆಯೋದು. ಈ ಮಾತು ಬಳಸಿ ಪಕ್ಕದವರಿಗೆ ಒಂದು ಪುಟ್ಟ ಕಥೆ ಹೇಳಿ. ನಿಜಾನೇ ಆಗ್ಬೇಕು ಅಂತಿಲ್ಲ. ಆದ್ರೆ ಇಂಗ್ಲಿಷಲ್ಲೇ ಹೇಳ್ಬೇಕು."

ಮುಂದಿನ ಸಾಲಿನಿಂದ ಹೈಟಿಯ ಮುದುಕ ಫೆನೆಲಾನ್ ಎದ್ದು ನಿಂತ. "ನಾನು ಟ್ಯಾಕ್ಸಿ ಓಡಿಸುತ್ತೇನೆ. ಇನ್ನು ಮದುವೆ ಮಾಡಿಸುವ ಕೆಲಸಕ್ಕೂ ಬ್ರಾಂಚ್ ಔಟ್ ಆಗುತ್ತೇನೆ. ಯಾರಿಗೆ ಬೇಕು, ಕೈ ಎತ್ತಿ."

ಎಲ್ಲರೂ ನಕ್ಕರು, ಇಬ್ಬರನ್ನು ಬಿಟ್ಟು.

ತಾಯಿನುಡಿ ಸ್ಪ್ಯಾನಿಷ್‌ನಲ್ಲಾಗಿದ್ದರೆ ಎಲ್ವಿರಾ ಅವನನ್ನು ಮಾತಲ್ಲೇ ಸಿಗಿದು ಹಾಕುತ್ತಿದ್ದಳು. ಮೂರು ವರ್ಷ ಚಿಕ್ಕಮ್ಮನ ತಿಂಡಿ ಅಂಗಡಿಯ ಕಾವಲಿ ಮುಂದೆ ನಿಂತು ಅಂಥ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದಳು. ಈ ಎಡವುವ ಇಂಗ್ಲಿಷ್‌ನಲ್ಲಿ ಚುಚ್ಚುವುದಕ್ಕೂ ಪದ ಸಿಗುತ್ತಿರಲಿಲ್ಲ, ಮುಚ್ಚಿಡುವುದಕ್ಕೂ ಸಿಗುತ್ತಿರಲಿಲ್ಲ.

"ನನ್ನ ಚಿಕ್ಕಮ್ಮನಿಗೆ ಒಂದು ಅಂಗಡಿ ಇದೆ," ಎಂದಳು ನೆಲ ನೋಡುತ್ತಾ. "ಅವಳು ಲಿನ್ ಊರಿಗೆ ಬ್ರಾಂಚ್ ಔಟ್ ಆಗುತ್ತಾಳೆ. ಅಲ್ಲಿ ನಾನು ಪುಪುಸಾ ರೊಟ್ಟಿ ತಟ್ಟುತ್ತೇನೆ."

"ನಿನಗೆ ಇಷ್ಟ ಇದೆಯಾ?"

"ನನ್ನನ್ನು ಯಾರೂ ಕೇಳಲಿಲ್ಲ."

ಒಸ್ಮಿನ್ ತನ್ನ ಕಥೆ ಶುರು ಮಾಡಿದ.

"ನನ್ನ ಬಳಿ ತಿಂಡಿ ಗಾಡಿ ಇತ್ತು. ನಾನು ವುಸ್ಟರ್ ಊರಿಗೆ ಬ್ರಾಂಚ್ ಔಟ್ ಆದೆ. ಅಂಗಡಿ ಇಬ್ಬರಿಗೆ ಅಂತ. ಒಬ್ಬ ಹುಡುಗಿಯನ್ನು ಕೇಳಿದೆ. ಅವಳು ಬೇಡ ಅಂದಳು. ಆಮೇಲೆ ಅಂಗಡಿ ಸತ್ತಿತು."

ಫೆನೆಲಾನ್ ಹಿಂದಕ್ಕೆ ತಿರುಗಿದ. "ಅಂಗಡಿ ಸಾಯುವುದಿಲ್ಲ ತಮ್ಮಾ, ಮುಚ್ಚುತ್ತದೆ."

"ನನ್ನದು ಸತ್ತಿತು," ಎಂದ ಒಸ್ಮಿನ್.

ಎಲ್ವಿರಾಳ ಎದೆ ಉರಿಯಿತು. 'ಹಾಗಾದ್ರೆ ಅಲ್ಲಿ ಇನ್ನೊಬ್ಬಳಿದ್ಳು...'

ಬಿಡುವಿನಲ್ಲಿ ಕಾಫಿ ಪಾತ್ರೆಯ ಹತ್ತಿರ ಅವಳೇ ಅವನನ್ನು ತಡೆದಳು. ಈಗ ಸ್ಪ್ಯಾನಿಷ್‌ನಲ್ಲಿ.

"ಯಾರು ಆ ಹುಡುಗಿ? ವುಸ್ಟರ್‌ನವಳಾ?"

"ಆಟ ಆಡ್ಬೇಡ ಎಲ್ವಿರಾ. ನೀನೇ."

"ನನ್ನನ್ನ ಕೇಳಿದ್ಯಾ? ಯಾವಾಗ, ಕನಸಲ್ಲಾ?"

"ನಿಮ್ಮ ಚಿಕ್ಕಮ್ಮನ್ನ ಕೇಳ್ದೆ. ನಮ್ಮ ಮಾವನ್ನ ಕರ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದೆ. ಹೆಣ್ಣು ಕೇಳೋದು ಹಿರಿಯರನ್ನ ತಾನೆ? ದೊಡ್ಡ ಸೆಮಿತಾನೂ ತಂದಿದ್ದೆ, ಅನಾನಸ್ ಜಾಮ್ ಹಾಕಿದ್ದು. ಮಾರನೇ ದಿನ ಅವರೇ ಗಾಡಿ ಹತ್ರ ಬಂದು ಹೇಳಿದ್ರು, ಅವಳಿಗೆ ನೀನು ಬೇಡ್ವಂತೆ, ಇನ್ನು ಈ ಕಡೆ ಸುಳೀಬೇಡ ಅಂತ."

ಸೆಮಿತಾ...

ಎಲ್ವಿರಾಳಿಗೆ ನೆನಪಾಯಿತು. ಅವತ್ತು ಅಂಗಡಿ ಮುಚ್ಚಿ ಒಳಗೆ ಬಂದಾಗ ಮೇಜಿನ ಮೇಲೆ ಆ ಸಿಹಿ ಬ್ರೆಡ್ಡು ಇತ್ತು, ಮೇಲೆ ಹೆಣೆದ ಪಟ್ಟಿಗಳ ನಡುವೆ ಹಳದಿ ಜಾಮ್ ಹೊಳೆಯುತ್ತಾ. 'ಯಾರೋ ಗಿರಾಕಿ ಕೊಟ್ಟು ಹೋದ್ರು, ತಿನ್ನು ಮಗಳೇ' ಎಂದಿದ್ದಳು ಚಿಕ್ಕಮ್ಮ. ಹಸಿದಿದ್ದಳು. ಎರಡು ತುಂಡು ತಿಂದಿದ್ದಳು.

ತನ್ನನ್ನು ಕೇಳಲು ತಂದ ಬ್ರೆಡ್ಡನ್ನು ತಾನೇ ತಿಂದು, ಬಾಯಿ ಒರೆಸಿಕೊಂಡು ಮಲಗಿದ್ದಳು.

"ಬೇಡ ಅಂತ ನಾನು ಹೇಳೇ ಇಲ್ಲ," ಎಂದಳು. "ನೀನು ಬಂದಿದ್ದೇ ನಂಗೊತ್ತಿಲ್ಲ."

ಒಸ್ಮಿನ್ ಕಾಫಿ ಲೋಟ ಕೆಳಗಿಟ್ಟ. "ಮೂರು ವರ್ಷ, ಎಲ್ವಿರಾ..."

ಅವನು ಕೈ ಚಾಚಿದ. ಅವಳು ಹಿಂದೆ ಸರಿದಳು. ಒಳಗೆಲ್ಲೋ ಅರಳುತ್ತಿದ್ದ ಸಂತೋಷವನ್ನು ಸಿಟ್ಟು ಮೆಟ್ಟಿ ಮೇಲೆ ಬಂದಿತ್ತು.

"ಅವತ್ತು ನಾನು ಗೋಡೆಯ ಆ ಕಡೆ ಅಂಗಡೀಲೇ ನಿಂತಿದ್ದೆ. ಒಂದ್ಸಲ ನನ್ನ ಮುಖ ನೋಡಿ ಕೇಳೋಕೆ ಏನಾಗಿತ್ತು ನಿಂಗೆ? ಪಕ್ಕದ ಮನೇಲಿ ಪಾತ್ರೆ ಎರವಲು ಕೇಳ್ದಂಗೆ ಕೇಳಿ, ಇಲ್ಲ ಅಂದ ತಕ್ಷಣ ಹೊರಟು ಹೋದ್ಯಾ?"

"ಮರ್ಯಾದೆ ಅಂದ್ಕೊಂಡೆ..."

"ಯಾರಿಗೆ ಮರ್ಯಾದೆ?"

ತರಗತಿ ಮುಗಿಯುವ ಮೊದಲೇ ಅವಳು ಕೋಟು ಹಾಕಿಕೊಂಡು ಹೊರಟುಬಿಟ್ಟಳು.

ಅವತ್ತು ಸೋಮವಾರ, ಅಂಗಡಿಗೆ ರಜೆ. ಎಲ್ವಿರಾ ಬಂದಾಗ ಚಿಕ್ಕಮ್ಮ ಚಾವೆಲಾ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಳೆಯ ಉಪ್ಪಿನಕಾಯಿಗೆ ಎಲೆಕೋಸು ಹೆಚ್ಚುತ್ತಿದ್ದಳು.

"ಒಸ್ಮಿನ್ ಸಿಕ್ಕಿದ್ದ," ಎಂದಳು ಎಲ್ವಿರಾ.

ಚಾಕು ಒಂದು ಕ್ಷಣ ನಿಂತಿತು. ಮತ್ತೆ ಟಕಟಕ ಶುರುವಾಯಿತು.

"ಆ ಗಾಡಿಯವನಾ? ಎಲ್ಲಾ ಮುಳುಗಿಸ್ಕೊಂಡು ಬಂದನಂತಲ್ಲ. ನೋಡು, ಎಂಥಾ ಗುಂಡಿಗೆ ಬೀಳ್ತಿದ್ದೆ ನೀನು."

"ನಾನಿದ್ದಿದ್ರೆ ಮುಳುಗ್ತಿರ್ಲಿಲ್ಲ."

"ಅದೇ ಕಣೇ. ಅಲ್ಲಿ ಮುಳುಗ್ತಿರ್ಲಿಲ್ಲ, ಇಲ್ಲಿ ಮುಳುಗ್ತಿತ್ತು." ಚಾವೆಲಾ ತಲೆ ಎತ್ತಲಿಲ್ಲ. "ನನ್ನ ಮಂಡಿ ಕೆಟ್ಟಿತ್ತು. ಕಾವಲಿ ಮುಂದೆ ಯಾರು ನಿಲ್ತಿದ್ರು? ನಿಮ್ಮಮ್ಮ ಸತ್ತಾಗ ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಬಂದೋಳು ನಾನು. ಅವನಲ್ಲ."

"ಅದನ್ನ ನಾನು ಯಾವತ್ತು ಮರ್ತಿದೀನಿ? ಅದಕ್ಕೇ ಅಲ್ವಾ ಸ್ಕೂಲ್ ಬಿಟ್ಟಿದ್ದು, ಬಾಯಿ ಮುಚ್ಕೊಂಡು ಹಿಟ್ಟು ತಟ್ಟಿದ್ದು." ಎಲ್ವಿರಾ ಮೇಜಿನ ಹತ್ತಿರ ಬಂದಳು. "ಒಂದು ಮಾತು ನನ್ನನ್ನ ಕೇಳ್ಬಹುದಿತ್ತಲ್ಲ, ಚಿಕ್ಕಮ್ಮ."

"ಕೇಳಿದ್ರೆ ನೀನು ಹೋಗ್ತಿದ್ದೆ."

ಎಷ್ಟು ಸರಳವಾಗಿ ಹೇಳಿಬಿಟ್ಟಳು...

ಬೈದಿದ್ದರೆ ಜಗಳವಾಡಬಹುದಿತ್ತು, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಈ ಮಾತಿನ ಮುಂದೆ ಎಲ್ವಿರಾಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೋಡೆಯಲ್ಲಿ ನೇತಾಡುತ್ತಿದ್ದ ತನ್ನ ಏಪ್ರನ್ ತೆಗೆದಳು, ಮಡಚಿ ಮೇಜಿನ ಮೇಲಿಟ್ಟಳು.

"ಈ ವಾರ ತಟ್ಟಿಕೊಡ್ತೀನಿ. ಆಮೇಲೆ ಇಲ್ಲಿಗೂ, ಲಿನ್ ಅಂಗಡಿಗೂ ಬೇರೆ ಯಾರನ್ನಾದ್ರೂ ನೋಡ್ಕೋ."

ಚಾವೆಲಾ ಉಳಿದ ಎಲೆಕೋಸನ್ನೂ ಹೆಚ್ಚಿ ಮುಗಿಸಿದಳು. ಕೊನೆಗೆ ಪಾತ್ರೆಯನ್ನು ಅವಳತ್ತ ತಳ್ಳಿ, "ಉಪ್ಪು ಸರಿ ಇದ್ಯಾ ನೋಡು," ಎಂದಳು. ನಾಲಿಗೆಯ ರುಚಿ ಕೆಟ್ಟ ಮೇಲೆ ಅವಳಿಗೆ ಉಪ್ಪು ಗೊತ್ತಾಗುತ್ತಿರಲಿಲ್ಲ.

ಎಲ್ವಿರಾ ನೋಡಿದಳು. ಕಮ್ಮಿ ಇತ್ತು. ಹಾಕಿದಳು. ಕಣ್ಣೀರು ಒರೆಸಿಕೊಂಡು ಮಹಡಿಯ ಮನೆಗೆ ಮೆಟ್ಟಿಲು ಹತ್ತಿದಳು.

ಮುಂದಿನ ಸೋಮವಾರ ಒಸ್ಮಿನ್ ಲೈಬ್ರರಿಯ ಹೊರಗೆ, ಹಿಮ ಗುಡಿಸಿದ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಬರಿಗೈಲಿ ಬಂದಿದೀಯಾ?" ಎಂದಳು ಎಲ್ವಿರಾ.

"ಬ್ರೆಡ್ಡು ಹಿರಿಯರಿಗೆ ತರೋದು. ಇವತ್ತು ನಿನ್ನನ್ನ ಕೇಳೋಕೆ ಬಂದೆ."

ಅವಳು ಅವನ ಮುಖವನ್ನೇ ನೋಡಿದಳು. ಈ ಸಲವಾದರೂ ತನ್ನ ಮುಖ ನೋಡಿ ಕೇಳಲಿ.

"ಅಂಗಡಿ ಇಲ್ಲ. ಗಾಡಿನೂ ಮಾರಿದೀನಿ. ಮೀನಿನ ಗೋದಾಮಲ್ಲಿ ಪೆಟ್ಟಿಗೆ ಹೊರ್ತೀನಿ, ಎಷ್ಟು ತಿಕ್ಕಿದ್ರೂ ವಾಸನೆ ಹೋಗಲ್ಲ." ಅವನು ಒಂದು ಮೆಟ್ಟಿಲು ಇಳಿದು ಅವಳೆದುರು ನಿಂತ. "ನನ್ನನ್ನ ಮದುವೆ ಆಗ್ತೀಯಾ, ಎಲ್ವಿರಾ?"

ಇದೇ ಮಾತು ಅವತ್ತು ಕಿವಿಗೆ ಬಿದ್ದಿದ್ದರೆ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಆ ಹುಡುಗಿ ಈಗ ಇಲ್ಲ. ಇರುವವಳಿಗೆ ಕೋಪವಿದೆ, ದಣಿವಿದೆ. ಆದರೂ ಇವನ ಹೆಜ್ಜೆ ಸದ್ದಿಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ... ಏನು ಮಾಡುವುದು?

"ಆಗ್ತೀನಿ," ಎಂದಳು. "ಆದ್ರೆ ನನ್ನ ಸಿಟ್ಟು ಹೋಗಿಲ್ಲ. ಅದನ್ನೂ ಜೊತೆಗೇ ಕರ್ಕೊಂಡ್ ಬರ್ತೀನಿ."

"ಅದಕ್ಕೂ ಜಾಗ ಮಾಡ್ತೀನಿ."

ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅವನು ಮೆಲ್ಲಗೆ ಅವಳ ಕೈ ಹಿಡಿದ. ಕಾವಲಿಯ ಹಳೆ ಸುಟ್ಟ ಗಾಯಗಳ ಮೇಲೆ ಅವನ ಹೆಬ್ಬೆರಳು ನಿಂತಿತು. ಈ ಸಲ ಅವಳು ಸರಿಯಲಿಲ್ಲ.

"ಅವತ್ತಿನ ಸೆಮಿತಾ..." ಎಂದ ಅವನು. "ಚೆನ್ನಾಗಿತ್ತಾ?"

"ಚೆನ್ನಾಗಿತ್ತು." ಎಲ್ವಿರಾ ಅವನ ಭುಜಕ್ಕೆ ತಲೆಯಾನಿಸಿದಳು. "ನಿಂದು ಅಂತ ಗೊತ್ತಿದ್ರೆ ಇನ್ನೂ ನಿಧಾನಕ್ಕೆ ತಿಂತಿದ್ದೆ."