ಅಂಚೆ ಜೀಪಿನ ಬಲಗಿಟಕಿ

ಬಂದೂಕಿನ ನಳಿಗೆ ನನ್ನ ಎದೆಗೆ ತಾಗಿತ್ತು!

ಮೆಕ್ಕೆಜೋಳದ ಹೊಲಗಳ ನಡುವೆ ಅವನ ಜೀಪನ್ನು ಅಟ್ಟಿಸಿಕೊಂಡು ಬಂದಿದ್ದೆ. ರಸ್ತೆ ಮುಗಿಯಿತು... ಅವನು ಇಳಿದ, ಬಂದೂಕಿನ ಸಮೇತ.

"ಕ್ಯಾಮೆರಾ ಕೆಳಗಿಡೋ!" ಡ್ವೇನ್ ಪ್ರಾಟ್ ಗುಡುಗಿದ. "ಜೀಪು ನಂದು!"

"ನೀನೇ ಇಟ್ಕೋ ಮಾರಾಯ. ಒಂದು ಫೋಟೋ ಸಾಕು."

"ವರ್ನಾ ಕಳಿಸಿದ್ಲಾ?"

"ಅವಳ ಲಾಯರ್."

ನಳಿಗೆ ಇನ್ನಷ್ಟು ಒತ್ತಿತು.

ಕೇಳಿ... ವರ್ನಾ ಕ್ಲಾಸೆನ್ ನಮ್ಮ ನೆಬ್ರಾಸ್ಕಾದ ಹಳ್ಳಿಗಳಿಗೆ ಅಂಚೆ ಹಂಚುತ್ತಿದ್ದವಳು. ಚರ್ಚಿನ ಮುಂದೆ ಫ್ಲೂ ಲಸಿಕೆ ಶಿಬಿರ. ಗಾಡಿಯಿಂದ ಇಳಿಯುವ ಹಾಗೇ ಇಲ್ಲ, ಕಿಟಕಿಯಲ್ಲೇ ಚುಚ್ಚುವುದು. ಅವಸರದ ನರ್ಸ್ ಸೂಜಿಯನ್ನು ಭುಜದ ಕೀಲಿಗೇ ಇಳಿಸಿಬಿಟ್ಟಳು. ಆಮೇಲೆ ವರ್ನಾಳ ಬಲಗೈ ಮೇಲೇಳಲಿಲ್ಲ. ಕೆಲಸ ಹೋಯಿತು. ಜೀಪೂ ಮಾರಿದಳು.

ಲಸಿಕೆ ಪರಿಹಾರದ ಕೋರ್ಟಿನಲ್ಲಿ ಸರ್ಕಾರಿ ವಕೀಲ ನಕ್ಕುಬಿಟ್ಟ. ನಮ್ಮ ಅಮೆರಿಕದಲ್ಲಿ ಸ್ಟೀರಿಂಗ್ ಎಡಕ್ಕೆ. ಕಿಟಕಿಗೆ ಸಿಗುವುದು ಎಡಗೈ. ನರ್ಸೂ ದಾಖಲೆಯಲ್ಲಿ ಸಾಲಾಗಿ ಎಲ್ಲರಿಗೂ ಎಡಗೈ ಅಂತಲೇ ಬರೆದಿದ್ದಳು. ನೋವು ಬಲಗೈಗೆ ಹೇಗೆ ಬಂತು?

ಆದರೆ ಅಂಚೆಯವರ ಜೀಪಿನ ಸ್ಟೀರಿಂಗ್ ಬಲಕ್ಕೆ! ರಸ್ತೆ ಬದಿಯ ಡಬ್ಬಿಗೆ ಕೂತಲ್ಲೇ ಕಾಗದ ಹಾಕಬೇಕಲ್ಲ. ಅವಳು ಅದರಲ್ಲೇ ಬಂದಿದ್ದನ್ನು ಊರೆಲ್ಲ ನೋಡಿತ್ತು. ಸ್ಟೀರಿಂಗ್ ಬಲಕ್ಕಿದೆ ಎಂದು ಕೋರ್ಟಿಗೆ ತೋರಿಸಲು ಫೋಟೋ ಬೇಕಿತ್ತು. ಈಗ ಆ ಜೀಪು ಡ್ವೇನ್ ಹತ್ತಿರ. ಅವಳ ಕೆಲಸವೂ!

"ಗೆದ್ರೆ ವಾಪಸ್ ಬರ್ತಾಳೆ." ಅಂದ ಡ್ವೇನ್. "ನನ್ನ ಕೆಲಸ ಹೋಗುತ್ತೆ. ಮಕ್ಕಳಿದಾವೆ ಕಣಯ್ಯಾ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅಯ್ಯೋ ಅನ್ನಿಸಿತು.

"ಅವಳು ಬರಲ್ಲ."

"ಬುರುಡೆ ಬಿಡ್ಬೇಡ!"

"ತಲೆ ಬಾಚ್ಕೊಳ್ಳೋಕೂ ಆಗಲ್ಲ ಅವಳಿಗೆ. ಆಪರೇಷನ್ನೂ ಆಯ್ತು, ಉಪಯೋಗ ಇಲ್ಲ. ಆ ಕೈ ಕತೆ ಮುಗೀತು ಡ್ವೇನ್. ಅದಕ್ಕೇ ಪರಿಹಾರ ಕೇಳ್ತಿರೋದು."

ನನ್ನ ಮುಖವನ್ನೇ ದಿಟ್ಟಿಸಿದ...

"ಖಂಡಿತಾ ತಾನೆ?"

"ಖಂಡಿತ."

ಬಂದೂಕು ಇಳಿಯಿತು. ಅಷ್ಟು ಕೆಟ್ಟ ಸುದ್ದಿಗೆ ಅಷ್ಟು ಸಮಾಧಾನಪಟ್ಟ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನೇ ಹೋಗಿ ಸೀಟಿನಲ್ಲಿ ಕೂತ. ಬಲಗೈಯನ್ನು ಕಿಟಕಿಯ ಮೇಲಿಟ್ಟ.

"ಸರಿಯಾಗಿ ಕಾಣುತ್ತಾ?"

"ಕಾಣುತ್ತೆ."

ಫೋಟೋ ಹೊಡೆದೆ.

ಕೇಸು ಗೆದ್ದೆವು. ವರ್ನಾ ಅತ್ತಳು, ನಕ್ಕಳು, ಎದ್ದು ಬಂದು ನನ್ನ ಕೈ ಕುಲುಕಿದಳು.

ಎಡಗೈಯಲ್ಲಿ!