ಮತ್ತ ಬೋರ್ ತಗದಾನ
"ನಮ್ಮಪ್ಪನ್ನ ಕೊಂದಾವ ಯಾರು ಅಂತ ಪೊಲೀಸರಿಗೆ ಗೊತ್ತಾಗೇತ್ರಿ. ಹೇಳಿದಾಕಿ ನಾನ. ಆದ್ರ ಹೇಳಿದಾಗಿಂದ ನನಗ ನಿದ್ದಿ ಹತ್ತವಲ್ದು."

ಕಾವ್ಯಾಳ ಮಾತು ಕೇಳಿ ಮುಬೀನ ಬಾಯಿಗೆ ಒಯ್ಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ. ಗಾಂಧಿ ಚೌಕದ ಬಟ್ಟೆ ಅಂಗಡಿಯ ಮೇಲಿದ್ದ ಆ ಕೋಣೆಗೆ ಅಳುತ್ತ ಬರುವವರು ಹೊಸಬರಲ್ಲ. ಪೊಲೀಸ್ ಇಲಾಖೆಯಿಂದ ನಿವೃತ್ತಿಯಾದ ಚಂದ್ರಾಬಾಯಿ ಪತ್ತೇದಾರಿಕೆ ನಡೆಸುತ್ತಿದ್ದುದು ಅಲ್ಲೇ. ಪತ್ರಿಕೆಯ ಫೋಟೋಗ್ರಾಫರ್ ಕೆಲಸ ಬಿಟ್ಟ ಮುಬೀನ ಅವರ ಕಾರು ಓಡಿಸುತ್ತಿದ್ದ, ಜೊತೆಗಿರುತ್ತಿದ್ದ. ಆದರೆ ತಾವು ಕೊಟ್ಟ ಸಾಕ್ಷಿಯ ಮೇಲೆ ತಾವೇ ಅನುಮಾನಪಟ್ಟು ಬಂದವರನ್ನು ಅವನು ಕಂಡಿರಲಿಲ್ಲ.

ಕಾವ್ಯಾ ವಿಜಯಪುರದಲ್ಲಿ ಓದುವ ಹುಡುಗಿ. ಅವಳ ತಂದೆ ಬಸಗೊಂಡಪ್ಪನದು ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ. ಕಳೆದ ವಾರ ಮಧ್ಯಾಹ್ನ ಅವನು ಮಗಳಿಗೆ ಫೋನ್ ಮಾಡಿದ್ದ. ಸಂಜೆಯ ಹೊತ್ತಿಗೆ ಪಕ್ಕದ ಹೊಲದ ರಾಯಪ್ಪ ಹೊಸದಾಗಿ ಹೊಡೆಸಿದ ಬೋರಿನ ಬಳಿ, ತಲೆ ಒಡೆದು ಹೆಣವಾಗಿ ಬಿದ್ದಿದ್ದ.

"ಫೋನಿನ್ಯಾಗ ಏನಂದ? ಅವನ ಮಾತಿನ್ಯಾಗ ಹೇಳವ್ವ," ಎಂದರು ಚಂದ್ರಾಬಾಯಿ.

"'ಕಾವ್ಯಾ, ಅವ ಮತ್ತ ಬೋರ್ ತಗದಾನ. ಈ ಸಲ ನಾ ಸುಮ್ಮ ಬಿಡಂಗಿಲ್ಲ' ಅಂದ್ರಿ. ಸಿಟ್ಟಿಗೆ ದನಿ ನಡಗತಿತ್ತು. ಅಷ್ಟಕ್ಕ ಫೋನ್ ಕಟ್ಟಾತು. ಬದುವಿನ ಮಗ್ಗಲಾ ಬೋರ್ ಹೊಡಸಬ್ಯಾಡ ಅಂತ ಅಪ್ಪ ಮೊದಲ ರಾಯಪ್ಪ ಕಾಕಾನ ಜೋಡಿ ಜಗಳಾಡಿದ್ದ. ಅದಕ್ಕ 'ಅವ' ಅಂದ್ರ ಕಾಕಾನ ಅಂತ ಪೊಲೀಸರಿಗೆ ಹೇಳಿದೆ. ಈಗ ಕಾಕಾ ಪೊಲೀಸ್ ಕಸ್ಟಡ್ಯಾಗ ಅದಾನ. ನನ್ನ ಸಣ್ಣಾಕಿದ್ದಾಗ ಎತ್ತಿ ಆಡಿಸಿದಾವ್ರಿ ಅವ."

"'ಮತ್ತ' ಅಂದಿದ್ದು ಖರೇನ?"

"ಖರೇರಿ. ಈಗೂ ಕಿವ್ಯಾಗ ಐತಿ."

ಅವತ್ತೇ ಮೂವರೂ ತಿಕೋಟಾ ದಾಟಿ ಬಿಜ್ಜರಗಿಗೆ ಹೋದರು. ಪಿಎಸ್‌ಐ ಗುರಲಿಂಗಪ್ಪ ರಾಯಪ್ಪನ ಹೊಲದಲ್ಲೇ ಸಿಕ್ಕ. ಬೋರಿನ ಸುತ್ತ ನೆಲದಾಳದಿಂದ ಬಂದ ಬಿಳಿ ಕೆಸರು ಇನ್ನೂ ಹಸಿಯಾಗಿತ್ತು. ಒಂದು ಹೆಜ್ಜೆ ಇಟ್ಟದ್ದಕ್ಕೇ ಮುಬೀನನ ಬೂಟು ಬೆಳ್ಳಗಾಯಿತು.

"ಹೆಣದ ಫೋಟೋ ತೋರಸ್ರಿ," ಎಂದರು ಚಂದ್ರಾಬಾಯಿ.

ಗುರಲಿಂಗಪ್ಪ ಮೊಬೈಲ್ ಕೊಟ್ಟ. ಅಂಗಿಯ ಬೆನ್ನಿಗೆಲ್ಲ ಬಿಳಿ ಕೆಸರು. ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು, ಅಟ್ಟೆಗಳಿಗೆ ಕೆಂಪು ಧೂಳು ಮಾತ್ರ. ಚಂದ್ರಾಬಾಯಿ ಅದನ್ನು ದೊಡ್ಡದು ಮಾಡಿ ನೋಡಿ ಮೊಬೈಲ್ ಹಿಂದಿರುಗಿಸಿದರು.

ಮನೆಯಲ್ಲಿ ಬಸಗೊಂಡಪ್ಪನ ಹೆಂಡತಿ ಲಕ್ಕವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮೈದುನ ಸಂಗನಬಸವ ಬಂದವರಿಗೆ ನೀರು ತಂದುಕೊಟ್ಟ. ಅತ್ತೂ ಅತ್ತೂ ಅವನ ಕಣ್ಣು ಬಾತಿದ್ದವು. ಊಟ ಮಾಡದೆ ಹೋಗಬಾರದೆಂದು ಮುಬೀನನ ಕೈ ಹಿಡಿದು ಕೂರಿಸಿ, ತಾನೇ ರೊಟ್ಟಿ ಬಡಿಸಿದ. ಮುಬೀನನಿಗೆ ಅವನ ಮೇಲೆ ಮರುಕ ಹುಟ್ಟಿತು.

"ಅವತ್ತ ನೀವು ಎಲ್ಲಿದ್ರಿ?" ಚಂದ್ರಾಬಾಯಿ ಕೇಳಿದರು.

"ಮನ್ಯಾಗ ಕುಂತು ಕುಂತು ಬೋರ್ ಆಗಿತ್ರಿ. ಹಂಗ ಬಬಲೇಶ್ವರಕ್ಕ ಹೋಗಿದ್ದೆ. ನಾ ಇದ್ದಿದ್ರ ಅಣ್ಣನ್ನ ಉಳಿಸ್ಕೋತಿದ್ದೆ," ಎಂದು ಸಂಗನಬಸವ ಕಣ್ಣೊರೆಸಿಕೊಂಡ.

ಚಂದ್ರಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಲಕ್ಕವ್ವನ ಹತ್ತಿರ ಹೋಗಿ ಕುಳಿತರು.

"ರಾಯಪ್ಪ ಇದಕ್ಕ ಮೊದಲ ಯಾವಾಗರೆ ಬೋರ್ ಹೊಡಸಿದ್ದನೇನ್ರಿ?"

"ಇಲ್ಲವ್ವ, ಜಲ್ಮದಾಗ ಇದ ಮೊದಲಿಂದು. ಇವರು ಬ್ಯಾಡ ಅಂದಿದ್ದು ಖರೇ. ಆದ್ರ ನೀರು ಬಿದ್ದಾಗ ಮೊದಲ ಹೋಗಿ ಕಾಯಿ ಒಡದಾವ್ರು ಇವರ. ಮತ್ತ್ಯಾಕ ಜಗಳಾತೋ ದೇವರಿಗೇ ಗೊತ್ತು."

ಚಂದ್ರಾಬಾಯಿಯ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅಲ್ಲಿ ಎರಡು ಮೊಳೆ, ನಡುವೆ ಉದ್ದನೆಯ ಬಿಳಿಚಿದ ಗುರುತು.

"ಅಲ್ಲಿ ಏನಿತ್ರಿ?"

"ಸಂಗುನ ಬಂದೂಕ. ಚಿಗರಿ ಹೊಡಿತಾನಂತ ಹ್ವಾದ ವರ್ಷ ಇವರು ಆಣಿ ಮಾಡಿಸಿ ಬಿಡಿಸಿದ್ರು. ಹಿಡಿ ಸೀಳೇತಿ ಅಂತ ಮನ್ನೆ ರಿಪೇರಿಗೆ ಒಯ್ದಾನ."

ಹೊರಗೆ ಬಂದ ಮೇಲೆ ಮುಬೀನ ಕೇಳಿದ: "ಇನ್ನ ಎಲ್ಲಿಗ್ರಿ ಅಕ್ಕಾರ?"

"ಬಬಲೇಶ್ವರಕ್ಕ. ಸಂಗನಬಸವ ಅವತ್ತ ಅಲ್ಲಿಗೆ ಹೋಗಿದ್ನಂತಲ್ಲ. ಬಡಿಗ್ಯಾರ ಮನಿ ಎಲ್ಲೆಲ್ಲಿ ಅದಾವ ನೋಡೂಣು."

ಎರಡು ಮನೆ ವಿಚಾರಿಸಿ ಮೂರನೆಯದರಲ್ಲಿ ಸಿಕ್ಕಿತು. ಬಡಿಗ ಬಂದೂಕಿಗೆ ಹೊಸ ಕಟ್ಟಿಗೆಯ ಹಿಡಿ ಕೂರಿಸುತ್ತಿದ್ದ. ಹಳೆಯ ಹಿಡಿ ಹೊಟ್ಟಿನ ರಾಶಿಯಲ್ಲಿ ಬಿದ್ದಿತ್ತು. ಮುಬೀನ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಮೇಲೆಲ್ಲ ತೊಳೆದಿದ್ದರು. ಆದರೆ ಸೀಳಿನ ಒಳಗೆ ಕಪ್ಪಾಗಿ ಒಣಗಿದ ರಕ್ತ, ಅದರಲ್ಲಿ ಸಿಕ್ಕಿಕೊಂಡ ನರೆಗೂದಲು. ಸಂಗನಬಸವ ಬಡಿಸಿದ ರೊಟ್ಟಿ ಇನ್ನೂ ಹೊಟ್ಟೆಯಲ್ಲಿತ್ತು.

ಮರುದಿನ ಎಲ್ಲರೂ ಲಕ್ಕವ್ವನ ಮನೆಯ ಪಡಸಾಲೆಯಲ್ಲಿ ಕೂಡಿದರು. ಚಂದ್ರಾಬಾಯಿಯ ಮಾತಿನ ಮೇಲೆ ಗುರಲಿಂಗಪ್ಪ ರಾಯಪ್ಪನನ್ನೂ ಕರೆತಂದಿದ್ದ. ಅವನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತ. ಲಕ್ಕವ್ವ ಅವನನ್ನು ಕಂಡು ಮುಖ ತಿರುಗಿಸಿದಳು.

"ಬೋರ್ ಅನ್ನೂದು ಸಣ್ಣ ಇಂಗ್ಲಿಷ್ ಶಬ್ದ," ಎಂದು ಚಂದ್ರಾಬಾಯಿ ಶುರುಮಾಡಿದರು. "ರಾಯಪ್ಪ ಬೋರ್ ಹೊಡಸಿದ, ನೀರು ಬಿತ್ತು. ಸಂಗನಬಸವಗ ಮನ್ಯಾಗ ಕುಂತು ಬೋರ್ ಆತು. ಒಂದಕ್ಕೊಂದು ಸಂಬಂಧಿಲ್ಲ. ನಿನ್ನೆ ಅವರ ಬಾಯಾಗ ಆ ಮಾತು ಕೇಳಿದ ಕೂಡಲೆ ನನಗ ಹೊಳೀತು, ಇದಕ್ಕ ಇನ್ನೂ ಒಂದು ಅರ್ಥ ಐತಿ. ಹನ್ನೆರಡು ಬೋರಿನ ಬಂದೂಕ. ಅದಕ್ಕೂ ಮಂದಿ ಬರೇ ಬೋರ್ ಅಂತಾರ."

ಕಾವ್ಯಾ ಬಾಯಿಗೆ ಕೈ ಇಟ್ಟುಕೊಂಡಳು.

"ನಿಮ್ಮಪ್ಪ 'ಮತ್ತ' ಅಂದಿದ್ದ. ರಾಯಪ್ಪಂದು ಮೊದಲನೇ ಬೋರ್, ಅದಕ್ಕ 'ಮತ್ತ' ಹೆಂಗ ಹೊಂದತೈತಿ? ತಾನ ಕಾಯಿ ಒಡದ ಬೋರಿನ ಸುದ್ದಿ ಹೊಸದಾಗಿ ಯಾಕ ಹೇಳ್ತಾನ? ಆಣಿ ಮಾಡಿ ಬಿಟ್ಟ ಬಂದೂಕ ತಮ್ಮ ಮತ್ತ ಹೊರಗ ತಗದಿದ್ದ. ಅಣ್ಣಗ ಸಿಟ್ಟು ಬಂದಿದ್ದು ಅದಕ್ಕ."

"ಮತ್ತ ಹೆಣ ರಾಯಪ್ಪನ ಹೊಲದಾಗ ಇತ್ತಲ್ರಿ?" ಎಂದ ಗುರಲಿಂಗಪ್ಪ.

"ಬೆನ್ನಿಗೆ ಬಿಳಿ ಕೆಸರು, ಚಪ್ಪಲಿಗೆ ಒಂದು ಹನಿ ಇಲ್ಲ. ಸುತ್ತ ಕೆಸರಿದ್ದಲ್ಲಿಗೆ ಅವ ನಡಕೊಂತ ಹೋಗಿಲ್ಲ, ಹೊತಗೊಂಡು ಹೋಗಿ ಮಲಗಿಸ್ಯಾರ. ಬಂದೂಕ ಹಾರಿಸಿದ್ರ ಊರಿಗೆ ಕೇಳತಿತ್ತು. ಹಿಡೀಲೆ ಹೊಡದಾರ. ಆ ಹಿಡಿ ಬಬಲೇಶ್ವರದ ಬಡಿಗ್ಯಾರ ಮನ್ಯಾಗ ಸಿಕ್ಕೈತಿ."

ಗುರಲಿಂಗಪ್ಪ ಹಿಡಿಯನ್ನು ಮುಂದೆ ಇಟ್ಟ. ಅದನ್ನು ಕಂಡು ಸಂಗನಬಸವ ಎದ್ದು ನಿಂತ.

"ಕೊಲ್ಲಬೇಕಂತ ಹೊಡೀಲಿಲ್ರಿ. ಒಣದ್ರಾಕ್ಷಿ ಶೆಡ್ಡಿನ್ಯಾಗ ಚಿಗರಿ ಸುಲಿಯಾಕತ್ತಿದ್ದೆ. ಅದರ ಹೊಟ್ಯಾಗ ಮರಿ ಇತ್ತು. ಅಣ್ಣ ನೋಡಿದ. ಫಾರೆಸ್ಟಿನವ್ರಿಗೆ ಹಿಡಿದು ಕೊಡ್ತೀನಿ ಅಂತ ಬಂದೂಕಕ್ಕ ಕೈ ಹಾಕಿದ. ಕಸಗೊಂಡು ಬೀಸಿಬಿಟ್ಟೆ."

"ನಿನ್ನ ಕೈಯಿಂದನ ಅವರ ಬಾಯಾಗ ಕಡೀ ನೀರು ಬಿಡಿಸಿದೆನಲ್ಲೋ!" ಲಕ್ಕವ್ವ ಚೀರಿದಳು. ಅವಳನ್ನು ಹಿಡಿದುಕೊಳ್ಳಬೇಕೆಂಬುದೂ ಯಾರಿಗೂ ತೋಚಲಿಲ್ಲ.

ಸಂಗನಬಸವನನ್ನು ಜೀಪಿಗೆ ಹತ್ತಿಸಿದ ಮೇಲೆ ಕಾವ್ಯಾ ಬಾಗಿಲಿಗೆ ಹೋಗಿ ರಾಯಪ್ಪನ ಕಾಲಿಗೆ ಬಗ್ಗಿದಳು. ಅವನು ಹಿಂದೆ ಸರಿದು ಅವಳ ಭುಜ ಹಿಡಿದ.

"ಏಳವ್ವ. ನೀ ಕೇಳಿದ್ದನ್ನ ನೀ ಹೇಳಿದಿ, ಅದರಾಗೇನು ತಪ್ಪಿಲ್ಲ," ಎಂದ. ನಂತರ ಗುರಲಿಂಗಪ್ಪನ ಕಡೆ ತಿರುಗಿದ. "ನನ್ನ ಮಾತ್ರ ಯಾರೂ ಕೇಳಲಿಲ್ರಿ."

ಗುರಲಿಂಗಪ್ಪ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದ. ರಾಯಪ್ಪ ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ತನ್ನ ಮನೆಯ ದಾರಿ ಹಿಡಿದ.